ಗೊದಮೊಟ್ಟೆಗಳ ಫ್ರೀ ಟಿಕೆಟ್

ಕೆಂಗೇರಿ ಕೆರೆಯ ಗೊದಮೊಟ್ಟೆಗಳನ್ನು ಬಕೆಟ್ಟಿಗೆ ತುಂಬಿಕೊಂಡು ಜ್ಞಾನಭಾರತಿಯ ನಮ್ಮ ಲ್ಯಾಬಿಗೆ ಹೊರಟಿದ್ದೆ. ಬಸ್ಸಲ್ಲಿ ನಾನು ಹೆಂಗಸು ಅಂತ ನನಗೆ ಫ್ರೀ ಟಿಕೆಟ್ ಕೊಟ್ಟ ಕಂಡಕ್ಟರು, ಬಕೆಟ್ಟಿಗೆ ಲಗೇಜ್ ಟಿಕೆಟ್ ತಗೋಬೇಕು ಅಂದರು.

“ಇವೂ ಹೆಣ್ಣೇ ಅಣ್ಣಾ,” ಅಂತ ತಮಾಷೆಗೆ ಅಂದೆ.

“ಎಲ್ಲಾನೂ? ಗ್ಯಾರಂಟಿನಾ?”

ಸುಮ್ಮನಿರಬಹುದಿತ್ತು. ಓದಿದ ಬಾಯಿ ಕೇಳಬೇಕಲ್ಲ! “ಗ್ಯಾರಂಟಿ ಹೇಳಕ್ಕಾಗಲ್ಲ. ಕೆಲವು ಕಪ್ಪೆಗಳಲ್ಲಿ ಜೀನ್ ಹೆಣ್ಣು ಅಂದ್ರೂ, ಮರಿಯಾಗಿದ್ದಾಗ ನೀರು ಬಿಸಿಯಾದ್ರೆ ಗಂಡಾಗಿಬಿಡ್ತವೆ.”

ಕಂಡಕ್ಟರು ಬಕೆಟ್ ನೋಡಿದರು. ಅದರ ಪಕ್ಕದಲ್ಲೇ ಬಿಸಿಯಾಗಿದ್ದ ಎಂಜಿನ್ ನೋಡಿದರು. ತಾವೇ ಬಕೆಟ್ ಎತ್ತಿ ಹೆಂಗಸರ ಸೀಟಿನ ಕೆಳಗೆ ತಳ್ಳಿದರು.

“ಇಲ್ಲೇ ಇರ್ಲಿ ಮೇಡಂ. ಅಲ್ಲಿದ್ರೆ ನಿಮ್ಮ ಸ್ಟಾಪ್ ಬರೋಷ್ಟರಲ್ಲಿ ಅರ್ಧ ಬಕೆಟ್ಟಿಗೆ ಟಿಕೆಟ್ ಹರೀಬೇಕಾಗುತ್ತೆ!”

ಉಷ್ಣಾಂಶದ ಬಗ್ಗೆ ಇಷ್ಟು ಕಾಳಜಿ ನಮ್ಮ ಲ್ಯಾಬಲ್ಲೂ ಯಾರಿಗೂ ಇಲ್ಲ.