ಹಾಸು ಮುಗಿದ ಭಾನುವಾರ

ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಸ್ಕೂಟರ್ ನಿಲ್ಲಿಸಿ, ಫೋನಿನಲ್ಲಿ ಗಂಟೆ ನೋಡಿ ತಲೆಯೆತ್ತಿದಾಗ ಆ ಮನೆಯ ಬಾಗಿಲ ಪಕ್ಕದಲ್ಲಿ ನೀಲಗಿರಿ ಕಂಬಗಳನ್ನು ಗೋಡೆಗೆ ಒರಗಿಸಿಟ್ಟಿದ್ದು ಕಂಡಿತು. ಎಣಿಸಿದೆ, ಹನ್ನೊಂದು. ಅವು ಹೊರಗಿರಬೇಕಾದ ಕಂಬಗಳಲ್ಲ. ಹೊಸದಾಗಿ ಕಾಂಕ್ರೀಟ್ ಹಾಕಿದ ತಾರಸಿಯನ್ನು ಹೊತ್ತುಕೊಂಡು ಒಳಗೆ ಇನ್ನೂ ಏಳು ದಿನ ನಿಂತಿರಬೇಕಾಗಿದ್ದವು. ಎಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದಾರೆ ಎಂದು ಮೊದಲು ಅನ್ನಿಸಿತು. ಆ ಯೋಚನೆಗೆ ಎಷ್ಟು ಹೊತ್ತು ಹೋಯಿತು ಎಂದು ಈಗಲೂ ಲೆಕ್ಕ ಹಾಕುತ್ತೇನೆ. ಮೂರು ಸೆಕೆಂಡ್ ಇರಬಹುದು. ಐದೂ ಇರಬಹುದು.

ದೊಡ್ಡಬಳ್ಳಾಪುರದ ಅಂಚಿನಲ್ಲಿ, ಮಗ್ಗದ ಶೆಡ್ಡುಗಳು ಮುಗಿದು ರಾಗಿ ಹೊಲ ಶುರುವಾಗುವ ಕಡೆ, ನಮ್ಮ ಗುಂಪು ಸ್ವಂತ ಮನೆಯಿಲ್ಲದವರಿಗೆ ಆರು ಮನೆಗಳನ್ನು ಕಟ್ಟಿಕೊಡುತ್ತಿತ್ತು. ನಾವೆಲ್ಲ ಭಾನುವಾರದ ಜನ, ರಜೆಯ ದಿನ ಬಂದು ಕೂಲಿಯಿಲ್ಲದೆ ದುಡಿಯುವವರು. ನಾನು ಕೆಮಿಸ್ಟ್ರಿ ಓದಿ ಔಷಧ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಉಳಿದವರಲ್ಲಿ ಮೇಷ್ಟ್ರುಗಳಿದ್ದರು, ಬ್ಯಾಂಕಿನವರಿದ್ದರು. ನಕ್ಷೆ, ಕಬ್ಬಿಣ, ಅಳತೆ ಎಲ್ಲ ನೋಡಿಕೊಳ್ಳುತ್ತಿದ್ದವರು ಒಬ್ಬ ನಿವೃತ್ತ ಎಂಜಿನಿಯರ್. ಕೂಲಿಗೆ ಬರುತ್ತಿದ್ದವನು ಮೇಸ್ತ್ರಿ ಒಬ್ಬನೇ. ಮನೆ ಯಾರದೋ ಅವರೂ ನಮ್ಮ ಜೊತೆ ಇಟ್ಟಿಗೆ ಹೊರಬೇಕು, ಪಕ್ಕದವರ ಮನೆಗೂ ಹೊರಬೇಕು. ಮುಗಿದ ಮೇಲೆ ಮನೆ ಗಂಡ ಹೆಂಡತಿ ಇಬ್ಬರ ಹೆಸರಿಗೆ. ಸುರಕ್ಷತೆಯ ನಿಯಮ ಮುರಿದವರ ಮನೆಯ ಸರದಿ ಮುಂದಿನವರಿಗೆ ಹೋಗುತ್ತದೆ ಎಂಬ ಒಂದು ಸಾಲೂ ಒಪ್ಪಂದದಲ್ಲಿತ್ತು. ಅದನ್ನು ಓದಿ ಹೇಳಿದ್ದೂ ನಾನೇ. ಎಂಜಿನಿಯರ್ ಹೇಳಿದ್ದನ್ನು ಮನೆಯವರಿಗೆ ಅರ್ಥವಾಗುವಂತೆ ಹೇಳುವುದು ನನ್ನ ಕೆಲಸವಾಗಿತ್ತು. ಅದರಲ್ಲಿ ನಾನು ಜಾಣೆ ಎಂದು ಎಲ್ಲರೂ ಅನ್ನುತ್ತಿದ್ದರು, ನನಗೂ ಹಾಗೆ ಅನ್ನಿಸಿತ್ತು.

ಈ ಮನೆಯ ಗಂಡ ಹೆಂಡತಿ ಇಬ್ಬರೂ ಇನ್ನೊಬ್ಬರ ಶೆಡ್ಡಿನಲ್ಲಿ ಕೂಲಿಗೆ ಸೀರೆ ನೇಯುತ್ತಿದ್ದರು. ಮುಂದೆ ಸ್ವಂತ ಮಗ್ಗ ಹಾಕಬೇಕು, ಅದಕ್ಕೆ ಮುಂದಿನ ಕೋಣೆಯ ನಡುವೆ ಗೋಡೆ ಬೇಡ ಎಂದು ಅವರು ಕೇಳಿಕೊಂಡಿದ್ದರು. ಎಂಜಿನಿಯರ್ ಒಪ್ಪಿ, ಕಬ್ಬಿಣ ಹೆಚ್ಚಿಸಿ, ತಾರಸಿಯ ಕೆಳಗಿನ ಕಂಬಗಳನ್ನು ಇಪ್ಪತ್ತೊಂದು ದಿನ ಮುಟ್ಟಕೂಡದು ಎಂದು ನನಗೆ ಹೇಳಿದರು.

ಇಪ್ಪತ್ತೊಂದು ದಿನ ಎಂದು ನಾನು ಅವರಿಗೆ ಹೇಳಲಿಲ್ಲ. ಮಗ್ಗದವರು ದಿನಗಳನ್ನು ವಾರದಿಂದ ಎಣಿಸುವುದಿಲ್ಲ, ಹಾಸಿನಿಂದ ಎಣಿಸುತ್ತಾರೆ. ಸೀರೆಯ ಉದ್ದದ ಎಳೆಗಳನ್ನೆಲ್ಲ ಒಟ್ಟಿಗೆ ಸುತ್ತಿ ಮಗ್ಗಕ್ಕೇರಿಸುವುದೇ ಹಾಸು. ಅದನ್ನು ನೇಯ್ದು ಮುಗಿಸುವ ತನಕ ರಜೆಯಿಲ್ಲ. ಮುಗಿದ ಮೇಲೆ ಹೊಸ ಹಾಸಿನ ಎಳೆಗಳನ್ನು ಹಳೆಯದರ ತುದಿಗೆ ಗಂಟು ಹಾಕುವವರು ಬಂದು ಕೂರುತ್ತಾರೆ. ಆ ಒಂದೂವರೆ ದಿನದಲ್ಲಿ ಕ್ಷೌರ, ಆಸ್ಪತ್ರೆ, ಬೀಗರ ಮನೆ, ರೇಷನ್ ಕಾರ್ಡ್ ತಿದ್ದುಪಡಿ ಎಲ್ಲ ಆಗಬೇಕು. ಅವರ ಬದುಕಿನ ಬೇರೆ ಕೆಲಸಗಳೆಲ್ಲ ಆ ಸಂದಿನಲ್ಲೇ ನಡೆಯುವುದು. ತಾರಸಿ ಹಾಕಿದ ದಿನವೇ ಅವರ ಮಗ್ಗಕ್ಕೆ ಹೊಸ ಹಾಸು ಏರಿತ್ತು. ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಕೇಳಿದೆ. ಕರೆಂಟ್ ಹೋಗಿ ಬಂದು ಮಾಡುವುದರಿಂದ ಮೂರು ವಾರ ದಾಟುತ್ತದೆ ಎಂದಳು ಹೆಂಡತಿ. ಹಾಗಾದರೆ ಈ ಹಾಸು ಮುಗಿದ ಮೇಲೆ ಕಂಬ ತೆಗೆಯಿರಿ ಎಂದೆ. ಅವರ ರಜೆಗೂ ಸರಿಹೋಗುತ್ತದಲ್ಲ ಎಂದು ಖುಷಿಯಾಗಿತ್ತು.

ಆಮೇಲೆ ಮದುವೆಯ ಗಿರಾಕಿ ಜೋರಾಯಿತು. ಶೆಡ್ಡಿನ ಮಾಲೀಕ ಎರಡು ಪಾಳಿ ಓಡಿಸಿದ. ಆ ತಿಂಗಳು ಕರೆಂಟೂ ಹೋಗಲಿಲ್ಲ. ಹಾಸು ಹದಿಮೂರನೇ ದಿನಕ್ಕೆ ಮುಗಿದುಹೋಯಿತು. ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿತ್ತು.

ನಾನು ಬಾಗಿಲ ಹತ್ತಿರ ಹೋದಾಗ ಗಂಡ ನಡುಸಾಲಿನ ಕಂಬವೊಂದರ ಬುಡದಲ್ಲಿದ್ದ ಬೆಣೆಯನ್ನು ಸುತ್ತಿಗೆಯಿಂದ ಹೊಡೆಯುತ್ತಿದ್ದ. ಪಕ್ಕದ ಸಾಲುಗಳು ಖಾಲಿಯಾಗಿದ್ದವು. ಹೆಂಡತಿ ಮೂಲೆಯಲ್ಲಿ ಕಸ ಗುಡಿಸುತ್ತಿದ್ದಳು. ನನ್ನನ್ನು ನೋಡಿ ಅವನು ನಕ್ಕ.

"ಬನ್ನಿ ಮೇಡಂ. ಹಾಸು ನೆನ್ನೆನೇ ಮುಗೀತು. ಇವತ್ತು ಬಿಟ್ರೆ ಇನ್ನ್ ಯಾವಾಗ್ ಸಿಗುತ್ತೋ ರಜ."

ಆಗ ಮೇಲಿನಿಂದ ಸದ್ದು ಬಂತು. ದೊಡ್ಡದೇನಲ್ಲ. ಒಣ ತೆಂಗಿನಗರಿಯನ್ನು ಯಾರೋ ಮೆಲ್ಲಗೆ ತುಳಿದ ಹಾಗೆ. ನಿಲ್ಲಿಸಿ ಎಂದೆ. ಅವನಿಗೆ ಕೇಳಲಿಲ್ಲ. ಇಪ್ಪತ್ತು ವರ್ಷ ಪವರ್‌ಲೂಮಿನ ಪಕ್ಕ ನಿಂತ ಕಿವಿ ಅದು, ಎದುರು ನಿಂತು ಜೋರಾಗಿ ಹೇಳಿದರೆ ಮಾತ್ರ ಕೇಳುತ್ತದೆ. ಸದ್ದೂ ಕೇಳಿರಲಿಲ್ಲ. ಇನ್ನೊಂದು ಏಟು ಹೊಡೆದ, ಬೆಣೆ ಹಾರಿತು. ಹೆಂಡತಿ ಸದ್ದು ಕೇಳಿದಳೋ ನನ್ನ ಮುಖ ನೋಡಿದಳೋ, ಪೊರಕೆ ಬಿಟ್ಟು ಅವನೆದುರು ಬಂದು ಕೈಯೆತ್ತಿ ಮುಷ್ಟಿ ಬಿಗಿದಳು. ಶೆಡ್ಡಿನಲ್ಲಿ ಮಗ್ಗ ನಿಲ್ಲಿಸು ಅನ್ನುವುದಕ್ಕೆ ಮಾಡುವ ಸನ್ನೆ ಅದು. ಅವನು ಸುತ್ತಿಗೆ ಇಳಿಸಿದ. ಅಷ್ಟರಲ್ಲಿ ತಾರಸಿ ನಡುವೆ ಕೊಂಚ ಕುಸಿದು, ಬೆಣೆ ಕಳೆದುಕೊಂಡ ಕಂಬ ಓರೆಯಾಗತೊಡಗಿತು. ಅವನು ಅದನ್ನು ತಬ್ಬಿ, ಭುಜ ಕೊಟ್ಟು ನಿಂತ.

ಉಳಿದ ಮೂರು ಕಂಬಗಳು ಬಿಲ್ಲಿನಂತೆ ಬಾಗಿದ್ದವು. ಸಣ್ಣ ಪುಡಿ ಅವನ ಕೂದಲ ಮೇಲೆ ಉದುರುತ್ತಿತ್ತು. ಬಿಟ್ಟು ಓಡಿ ಬಾ ಎನ್ನಬೇಕೋ, ಹಿಡಿದುಕೊ ಎನ್ನಬೇಕೋ ನನಗೆ ತಿಳಿಯಲಿಲ್ಲ. ಎರಡರಲ್ಲಿ ಯಾವುದು ಅವನನ್ನು ಉಳಿಸುತ್ತದೆ ಎಂದು ಈಗಲೂ ತಿಳಿದಿಲ್ಲ. ಮೇಸ್ತ್ರಿಗೆ ಫೋನ್ ಮಾಡಿದೆ. ನನ್ನ ದನಿ ಶಾಂತವಾಗಿತ್ತಂತೆ, ಆಮೇಲೆ ಅವನೇ ಹೇಳಿದ. ಹೊರಗಿದ್ದ ಕಂಬಗಳನ್ನು ವಾಪಸ್ ಒಳಗೆ ನಿಲ್ಲಿಸಿ ಎಂದ.

ಒಂದು ಕಂಬ ಎತ್ತಿಕೊಂಡು ಬಾಗಿಲವರೆಗೆ ಬಂದೆ. ಹೊಸ್ತಿಲ ಹತ್ತಿರ ನನ್ನ ಕಾಲು ನಿಂತುಬಿಟ್ಟಿತು. ಹೆದರಿಕೆ ಅನ್ನಿಸಲಿಲ್ಲ, ಏನೂ ಅನ್ನಿಸಲಿಲ್ಲ. ಕಾಲು ಮಾತ್ರ ಮುಂದೆ ಹೋಗಲಿಲ್ಲ. ಹೆಂಡತಿ ಬಂದು ನನ್ನ ಕೈಯಿಂದ ಕಂಬ ತೆಗೆದುಕೊಂಡು ಒಳಗೆ ಹೋದಳು. ಅದನ್ನು ನಿಲ್ಲಿಸಿ, ಬೆಣೆ ಹೊಡೆದು, ಮತ್ತೆ ಬಂದಳು. ನಾನು ಇನ್ನೊಂದು ಕೊಟ್ಟೆ. ಹೀಗೆ ಐದು ಸಲ. ಐದು ಸಲವೂ ಅವಳು ತಾರಸಿಯ ಕೆಳಗೆ ಹೋದಳು, ಐದು ಸಲವೂ ನಾನು ಹೊರಗೆ ನಿಂತಿದ್ದೆ.

ಮೇಸ್ತ್ರಿ ಬೈಕಿನಲ್ಲಿ ಬಂದವನು ಒಳಗೆ ಬಗ್ಗಿ ನೋಡಿದ.

"ಏನ್ ಗುರು, ಮನೇನೇ ಹೊತ್ಕೊಂಡಿದ್ದೀಯ? ಕೃಷ್ಣ ಬೆಟ್ಟ ಎತ್ತಿದ್ ಹಂಗೆ. ಕೈ ಬಿಟ್ಟೀಯ ಕಣೋ, ನಾನೂ ಒಳಗಿದ್ದೀನಿ."

ಎಂದು ಹೇಳುತ್ತಲೇ ಕಬ್ಬಿಣದ ಜಾಕಿ ನಿಲ್ಲಿಸಿ ತಿರುಗಿಸಿದ. ಹನ್ನೊಂದೂಕಾಲಿಗೆ ಗಂಡ ಹೊರಗೆ ಬಂದ. ಭುಜದಲ್ಲಿ ಕಂಬದ ತೊಗಟೆಯ ಗುರುತು ಬಿಟ್ಟರೆ ಏನೂ ಆಗಿರಲಿಲ್ಲ. ಮರಳಿನ ಗುಡ್ಡೆಯ ಮೇಲೆ ಕೂತು ನೀರು ಕುಡಿದ. ಸ್ಕೂಟರಿಗೆ ನೇತುಹಾಕಿದ್ದ ಇಡ್ಲಿಯನ್ನು ನಾನು ಎಲ್ಲರಿಗೂ ಹಂಚಿದೆ. ನಾನೂ ಎರಡು ತಿಂದೆ. ಯಾರಿಗೂ ಏನೂ ಆಗಲಿಲ್ಲವಲ್ಲ ಎಂದು ಎಲ್ಲರೂ ಅಂದರು. ಆ ರಾತ್ರಿಯಿಂದ ನನಗೆ ಎರಡು ಗಂಟೆಗಿಂತ ಹೆಚ್ಚು ನಿದ್ದೆ ಬರಲಿಲ್ಲ. ಕಣ್ಣು ಮುಚ್ಚಿದರೆ ಅವನ ತಲೆಯ ಮೇಲೆ ಪುಡಿ ಉದುರುತ್ತಿತ್ತು.

ಮಾರನೆಯ ಭಾನುವಾರ ಅದೇ ಅಂಗಳದಲ್ಲಿ ಸಭೆ ಸೇರಿತು. ತಾರಸಿಯಲ್ಲಿ ಬಿರುಕು ಬಿದ್ದಿದೆ, ಒಡೆದು ಹೊಸದಾಗಿ ಹಾಕಬೇಕು ಎಂದರು ಎಂಜಿನಿಯರ್. ಚಳಿಯಲ್ಲಿ ಕಾಂಕ್ರೀಟ್ ಗಟ್ಟಿಯಾಗುವುದು ನಿಧಾನ, ಮೇಲೆ ಬೇರೆ ನಾವೇ ಇಟ್ಟಿಗೆ ಪೇರಿಸಿದ್ದೆವು ಎಂದೂ ಸೇರಿಸಿದರು. ಆಮೇಲೆ ಯಾರೋ ಒಪ್ಪಂದದ ಆ ಸಾಲನ್ನು ಓದಿದರು. ನಿಯಮ ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕಾಗುತ್ತದೆ, ಸರದಿಯನ್ನು ಮುಂದಿನವರಿಗೆ ಕೊಡೋಣ ಎಂದರು ಕೆಲವರು. ಅಂದರೆ ಈ ಮನೆ ಇವರದಾಗುವುದಿಲ್ಲ. ಗೋಡೆಯ ಒಂದೊಂದು ಇಟ್ಟಿಗೆಯನ್ನೂ ಅವರಿಬ್ಬರು ಪಾಳಿ ಮುಗಿಸಿ ಬಂದು ಹೊತ್ತಿದ್ದರು.

ಗಂಡ ಎದ್ದು ನಿಂತ. "ನಮ್ದೇ ತಪ್ಪು ಸಾರ್. ಅವಸರ ಮಾಡ್ಬಿಟ್ವಿ."

ಇಷ್ಟೇ ಹೇಳಿ ಕೂತ. ನನ್ನ ಕಡೆ ನೋಡಲಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ಸಭೆಯ ನಡಾವಳಿ ಬರೆಯುತ್ತಿದ್ದೆ. ಅವನ ಮಾತನ್ನೂ ಬರೆದೆ. ದುಂಡಗಿನ ಅಕ್ಷರ. ತೀರ್ಮಾನ ಇನ್ನೊಂದು ವಾರಕ್ಕೆ ಮುಂದೆ ಹೋಯಿತು.

ಎಲ್ಲರೂ ಹೊರಟ ಮೇಲೆ ಹೆಂಡತಿ ನನ್ನ ಸ್ಕೂಟರ್ ಹತ್ತಿರ ಬಂದಳು. ಸಿಟ್ಟಾಗಿರಲಿಲ್ಲ. ಯಾವುದೋ ಲೆಕ್ಕ ಕೇಳುವವಳಂತೆ ಮೆಲ್ಲಗೆ ಕೇಳಿದಳು.

"ಹಾಸು ಮುಗಿದ್ಮೇಲೆ ತೆಗೀರಿ ಅಂದಿದ್ದು ನೀವೇ ಅಲ್ವಾ ಮೇಡಂ? ನೀವೇ ಹೇಳ್ತೀರ ಅಂತ ನಾನ್ ಸುಮ್ನಿದ್ದೆ."

ಹೌದು ಎಂದೆ. ನಿಮ್ಮ ಯಜಮಾನರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಮೇಡಂ ಓದಿದೋರು, ಅವರ ಹೆಸರು ಯಾಕೆ ಹಾಳಾಗಬೇಕು ಅಂದ್ರು ನಮ್ಮೆಜಮಾನ್ರು, ಎಂದಳು. ನಂತರ ಸೆರಗು ಸಿಕ್ಕಿಸಿಕೊಂಡು, "ನಂಗೆ ನಿಮ್ಮ ಹೆಸರಿಗಿಂತ ಮನೆ ಮುಖ್ಯ," ಎಂದಳು.

ಅಲ್ಲಿಂದ ನೇರವಾಗಿ ಎಂಜಿನಿಯರ್ ಮನೆಗೆ ಹೋದೆ. ಅವರು ಬಟ್ಟೆ ಒಣಹಾಕುತ್ತಿದ್ದರು. ತಂತಿಯ ಈಚೆ ನಿಂತೇ ಹೇಳಿದೆ: ಇಪ್ಪತ್ತೊಂದು ದಿನ ಎಂದು ನಾನು ಹೇಳಿರಲಿಲ್ಲ, ಹಾಸು ಎಂದಿದ್ದೆ, ಸಭೆಯಲ್ಲಿ ಬಾಯಿ ಬಿಡಲಿಲ್ಲ. ಅವರು ಕೈಯಲ್ಲಿದ್ದ ಟವೆಲ್ಲನ್ನು ಹಿಂಡಿ, ಕೊಡವಿ, ತಂತಿಗೆ ಹಾಕಿದರು. ಬೈಯುತ್ತಾರೆ ಎಂದುಕೊಂಡೆ.

"ಇನ್ನೆಷ್ಟ್ ಮನೆಗೆ ಹಿಂಗೆ ಹೇಳಿದ್ದೀಯಮ್ಮ?"

ಇನ್ನೊಂದು ಮನೆಗೆ ಹೇಳಿದ್ದೆ. ಅದು ನನಗೆ ಅಲ್ಲಿಯವರೆಗೆ ನೆನಪೇ ಆಗಿರಲಿಲ್ಲ. ಒದ್ದೆ ಬಟ್ಟೆಗಳನ್ನು ಬಕೆಟ್ಟಿನಲ್ಲೇ ಬಿಟ್ಟು ಇಬ್ಬರೂ ಹೋಗಿ ನೋಡಿದೆವು. ಅಲ್ಲಿ ಕಂಬಗಳು ಇನ್ನೂ ನಿಂತಿದ್ದವು. ಆ ಮನೆಯವಳಿಗೆ ಜ್ವರ ಬಂದು ಅವರ ಹಾಸು ಮುಗಿದಿರಲಿಲ್ಲ.

ಮುಂದಿನ ಸಭೆಯಲ್ಲಿ ನಾನೇ ಎದ್ದು ಎಲ್ಲ ಹೇಳಿದೆ. ಸರದಿ ಅವರಿಗೇ ಉಳಿಯಿತು. ನೋಟ್‌ಬುಕ್ಕನ್ನು ಬ್ಯಾಂಕಿನವರೊಬ್ಬರಿಗೆ ಕೊಟ್ಟರು, ನಾನು ಮರಳು ಜರಡಿ ಹಿಡಿಯುವ ಕಡೆ ಹೋದೆ. ಗಂಡನಿಗೆ ಮಾತ್ರ ನನ್ನ ಮೇಲೆ ಸ್ವಲ್ಪ ಬೇಸರವಾದಂತಿತ್ತು, ತಾನು ಕೊಟ್ಟದ್ದನ್ನು ನಾನು ಹಿಂದಕ್ಕೆ ಕೊಟ್ಟಂತೆ. ತಾರಸಿ ಒಡೆಯಲು ನಾಲ್ಕು ಭಾನುವಾರ ಬೇಕಾದವು. ಹೊಸದು ಹಾಕಿದ ದಿನ ಎಂಜಿನಿಯರ್ ಕಂಬ ತೆಗೆಯುವ ತಾರೀಖನ್ನು ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆಸಿದರು. ಆ ದಿನ ಬಂತು, ಮೇಸ್ತ್ರಿ ಎಲ್ಲರನ್ನೂ ಹೊರಗೆ ನಿಲ್ಲಿಸಿ ಕಂಬ ತೆಗೆದ. ತಾರಸಿ ನಿಂತಿತು. ಎಲ್ಲರೂ ಒಳಗೆ ಹೋಗಿ ನೋಡಿ ಬಂದರು. ನಾನು ಜರಡಿ ತೊಳೆಯುತ್ತಿದ್ದೆ.

ಗೃಹಪ್ರವೇಶಕ್ಕೂ ಹೋಗಲಿಲ್ಲ, ಡ್ಯೂಟಿ ಇದೆ ಎಂದೆ. ಇರಲಿಲ್ಲ.

ಎರಡು ತಿಂಗಳಾದ ಮೇಲೆ ಹೆಂಡತಿ ಫೋನ್ ಮಾಡಿ, ಹಳೇ ಮಗ್ಗವೊಂದು ತಂದು ಕೂರಿಸಿದ್ದೇವೆ, ಬರಬೇಕು ಎಂದಳು. ಡ್ಯೂಟಿ ಎನ್ನುವಷ್ಟರಲ್ಲಿ, ನೀವು ಬರೋ ತನಕ ಫೋನ್ ಮಾಡ್ತಾನೇ ಇರ್ತೀನಿ ಎಂದಳು. ಕಾರ್ಖಾನೆ ಬಿಟ್ಟ ಮೇಲೆ ಸಂಜೆ ಐದಕ್ಕೆ ಹೋದೆ. ಬೀದಿಯ ತಿರುವಿನಿಂದಲೇ ಮಗ್ಗದ ಸದ್ದು ಕೇಳುತ್ತಿತ್ತು. ಪವರ್‌ಲೂಮ್ ಓಡಿದರೆ ಮನೆಯೇ ಅದುರುತ್ತದೆ. ಹೊರಗಿನ ಮೆಟ್ಟಿಲಿನ ಮೇಲೂ ಪಾದಕ್ಕೆ ಗೊತ್ತಾಗುತ್ತಿತ್ತು. ಬಾಗಿಲಲ್ಲಿ ನಿಂತೆ. ಗಂಡ ಲಾಳಿಗೆ ಹಾಕುವ ನೂಲಿನ ಕಂಡಿಕೆಗಳನ್ನು ಜೋಡಿಸಿಡುತ್ತ ನನ್ನನ್ನು ನೋಡಿ, ಎರಡು ಬೆರಳು ಮಡಚಿ ಬಾ ಎಂದು ಸನ್ನೆ ಮಾಡಿದ. ಅಲ್ಲಿ ಮಾತು ಕೇಳುವ ಹಾಗಿರಲಿಲ್ಲ, ಡ್ಯೂಟಿ ಎಂದು ಹೇಳುವುದಕ್ಕೂ ಆಗಲಿಲ್ಲ. ಒಳಗೆ ಹೋದೆ.

ತಲೆಯೆತ್ತಿ ನೋಡಿದೆ. ಸುಣ್ಣ ಹೊಡೆದಿದ್ದರು. ಬಿರುಕಿಲ್ಲ. ಹೆಂಡತಿ ಸ್ಟೀಲ್ ಲೋಟದಲ್ಲಿ ಕಾಫಿ ತಂದುಕೊಟ್ಟಳು, ಆಮೇಲೆ ದೇವರ ಪಟದ ಹಿಂದಿನಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು ತೋರಿಸಿದಳು. ಮನೆಯ ಪತ್ರ, ಇಬ್ಬರ ಹೆಸರೂ ಇತ್ತು. ನನಗೆ ಓದಲು ಬರುವುದಿಲ್ಲವೇನೋ ಎಂಬಂತೆ ತನ್ನ ಹೆಸರಿನ ಮೇಲೆ ಬೆರಳಿಟ್ಟಳು. ಲೋಟದಲ್ಲಿ ಕಾಫಿ ನಡುಗುತ್ತಿತ್ತು. ಅದು ಮುಗಿಯುವ ತನಕ ಕೋಣೆಯ ನಡುವೆ ನಿಂತೇ ಕುಡಿದೆ. ಯಾರೂ ಹಳೆಯದನ್ನು ಎತ್ತಲಿಲ್ಲ. ಎತ್ತಿದ್ದರೂ ಕೇಳಿಸುತ್ತಿರಲಿಲ್ಲ.

ಮನೆಗೆ ಬಂದು ಅನ್ನ ಸಾರು ಉಂಡು ಮಲಗಿದೆ. ಎಚ್ಚರವಾದಾಗ ಕಿಟಕಿಯಲ್ಲಿ ಪೂರ್ತಿ ಬಿಸಿಲಿತ್ತು. ಕಾರ್ಖಾನೆಯ ಬಸ್ಸು ಹೋಗಿಯಾಗಿತ್ತು.