ಹಿಂದಿನ ಖೋಲಿಯ ನೆಲ

ಗೌಂಡಿ ಚಾಚಾರ ಹಿಮ್ಮಡಿಯ ಬಿರುಕುಗಳಲ್ಲಿ ಸಿಮೆಂಟು ಕೂತು ಗಟ್ಟಿಯಾಗಿತ್ತು. ಎಷ್ಟು ತಿಕ್ಕಿದರೂ ಹೋಗದ ಬೂದು ಗೆರೆಗಳು. ಕಾಲ್ಬೆರಳುಗಳು ಒಂದಕ್ಕೊಂದು ಮುನಿಸಿಕೊಂಡಂತೆ ದೂರ ದೂರ ನಿಂತಿದ್ದವು. ಯಾರ ಮನೆಗೆ ಕೆಲಸಕ್ಕೆ ಹೋದರೂ ಚಪ್ಪಲಿ ಹೊರಗೆ ಬಿಟ್ಟು, ನಾಲ್ಕು ಹೆಜ್ಜೆ ಒಳಗೆ ನಡೆದು, ಕಣ್ಣು ಮುಚ್ಚಿ ಒಂದು ಗಳಿಗೆ ಸುಮ್ಮನೆ ನಿಲ್ಲುತ್ತಿದ್ದರು. ನಮ್ಮ ಅಡುಗೆಮನೆಯಲ್ಲಿ ಮೊದಲ ಸಲ ಹಾಗೆ ನಿಂತಾಗ ಪ್ರಾರ್ಥನೆ ಏನಾದರೂ ಇರಬೇಕೆಂದು ನಾನು ಒಲೆ ಸಣ್ಣದು ಮಾಡಿ ಕಾದೆ. ಅವರು ಕಣ್ಣು ತೆರೆದು, "ಸಿಂಕಿನ ಬುಡಕ ನೆಲ ನೀರು ಕುಡಿಲತ್ತದ ಬೇಟಿ, ಪೈಪ್ ಒಡದದ" ಎಂದರು. ನಾನು ಕರೆದದ್ದು ತಲೆ ಮೇಲಿನ ಛತ್ತಿನ ಸೋರಿಕೆ ನೋಡಲು.

ಬೀದರದ ಹಳೇ ಊರಿನಲ್ಲಿ ನಾವು ಮಹಡಿಯ ಮೇಲಿನ ಎರಡು ಖೋಲಿಗಳಲ್ಲಿ ಬಾಡಿಗೆಗಿದ್ದೆವು. ಹಿಂದಿನ ಗಲ್ಲಿಯಲ್ಲಿ ಅವರೂ ಒಂದು ಖೋಲಿ ಬಾಡಿಗೆ ಹಿಡಿದು ಒಬ್ಬರೇ ಇದ್ದರು. ಹೆಂಡತಿ ತೀರಿಹೋಗಿದ್ದಳು, ಮಗಳನ್ನು ಔರಾದ ಕಡೆಯ ಚಿಂತಾಕಿಗೆ ಕೊಟ್ಟಿತ್ತು. ಗಲ್ಲಿಯ ಎಲ್ಲರಿಗೂ ಅವರು ಗೌಂಡಿ ಚಾಚಾ. ಗೋಡೆ ಕಟ್ಟುವ ಕೆಲಸದಲ್ಲೇ ತಲೆ ಬೆಳ್ಳಗಾಗಿತ್ತು. ಮೊಣಕಾಲು ಹಿಡಿದ ಮೇಲೆ ಬಿದಿರಿನ ಪರಂಚಿ ಕಟ್ಟಿ ಎತ್ತರಕ್ಕೆ ಏರುವುದನ್ನು ಬಿಟ್ಟು, ನೆಲದ ಮೇಲೆ ನಿಂತು ಮಾಡುವ ದುರಸ್ತಿ ಕೆಲಸಗಳನ್ನಷ್ಟೇ ಹಿಡಿಯುತ್ತಿದ್ದರು.

ಚಹಾವನ್ನು ಅವರು ಕಪ್ಪಿನಿಂದ ಬಸಿಗೆ ಸುರಿದುಕೊಂಡೇ ಕುಡಿಯಬೇಕು. ಸ್ವಂತ ಮನೆಗೆಂದು ಹಣ ಕೂಡಿಡುತ್ತಿದ್ದ ನಾನು ಕೊಡುವ ಚಹಾದ ಬಗ್ಗೆ ಅವರದೊಂದು ನಿತ್ಯದ ತಮಾಷೆ ಇತ್ತು. "ಬೇಟಿ, ನಿನ್ನ ಚಾ ನೋಡಿದ್ರ ನಿಮ್ಮ ಮನಿ ಎಷ್ಟು ಹತ್ರ ಬಂತಂತ ಗೊತ್ತಾಗ್ತದ. ಹಾಲು ಹೋದ ವಾರಕ್ಕಿಂತ ಕಮ್ಮಿ ಅದ. ಇನ್ನೇನು ಬಂದೇ ಬಿಡ್ತು."

ನಮ್ಮವರು ನಗುತ್ತಾ, "ಸಕ್ರಿನೂ ಎಣಿಸಿ ಹಾಕ್ತಾಳ್ರಿ ಚಾಚಾ" ಎಂದು ಸೇರಿಸುತ್ತಿದ್ದರು.

ಅವರ ಮಾತು ಸುಳ್ಳಲ್ಲ. ನಾನು ಖಾಸಗಿ ಶಾಲೆಯಲ್ಲಿ ಗಣಿತದ ಟೀಚರ್. ನಮ್ಮವರು ಲ್ಯಾಬ್ ಟೆಕ್ನಿಷಿಯನ್. ಪ್ರತಿ ತಿಂಗಳ ಮೊದಲ ಭಾನುವಾರ ಚರ್ಚಿನಿಂದ ಬಂದು, ಬಟ್ಟೆ ಬದಲಿಸುವ ಮೊದಲೇ ಮಂಚದ ಮೇಲೆ ನೋಟುಬುಕ್ ಹರಡಿಕೊಂಡು ಕೂಡುತ್ತಿದ್ದೆವು. ಐನೂರು ರೂಪಾಯಿ ಮೀರಿದ ಯಾವ ಖರ್ಚಿಗೂ ಇಬ್ಬರ ಒಪ್ಪಿಗೆ ಬೇಕು, ಇದು ಮದುವೆಯಾದ ವರ್ಷವೇ ಮಾಡಿಕೊಂಡ ಕರಾರು. ನಾನು ಮನೆಪಾಠ ಹೇಳಿದೆ, ಅವರು ಸಂಜೆ ಇನ್ನೊಂದು ಲ್ಯಾಬಿಗೆ ಹೋದರು. ಭಾಲ್ಕಿಯಲ್ಲಿ ನಾದಿನಿಯ ಮನೆಯಲ್ಲಿದ್ದ ಅತ್ತೆಯನ್ನು ನೋಡಲು ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದವರು ಎರಡು ತಿಂಗಳಿಗೊಮ್ಮೆ ಹೋಗತೊಡಗಿದೆವು. ಬಸ್ಸಿನ ಹಣ ಉಳಿಯುತ್ತದೆಂದು! ಮನೆ ಬೇಕಾಗಿದ್ದದ್ದೇ ಅತ್ತೆ ನಮ್ಮ ಜೊತೆ ಬಂದಿರಲೆಂದು. ಅವರ ಮೊಣಕಾಲಿಗೆ ನಮ್ಮ ಮಹಡಿಯ ಮೆಟ್ಟಿಲು ಆಗುತ್ತಿರಲಿಲ್ಲ. ಮಗಳಿಗೂ ಆರು ತುಂಬಿತ್ತು, ಇನ್ನೂ ನಮ್ಮಿಬ್ಬರ ನಡುವೆಯೇ ಮಲಗುತ್ತಿದ್ದಳು.

ಮದುವೆಯಾದ ಒಂಬತ್ತನೆಯ ವರ್ಷಕ್ಕೆ ನೌಬಾದದಲ್ಲಿ ಒಂದು ಮನೆ ಸಿಕ್ಕಿತು. ಮೂರು ಖೋಲಿ, ಅಡುಗೆಮನೆ, ಹಿಂದೆ ಅಂಗಳದ ಮೇಲೆ ತಗಡು ಹೊದಿಸಿ ಫರಸಿಕಲ್ಲು ಹಾಸಿ ಮಾಡಿದ ಇನ್ನೊಂದು ಖೋಲಿ. ಮಾಲೀಕರು ಔರಾದದಲ್ಲಿ ಬಟ್ಟೆ ವ್ಯಾಪಾರ ಮಾಡುವವರು. ಮನೆ ಅವರು ಕಟ್ಟಿಸಿದ್ದಲ್ಲ, ಕೆಲವು ವರ್ಷದ ಹಿಂದೆ ಕೊಂಡದ್ದು. ಅವರಿಗೆ ಅವಸರವಿತ್ತು, ಬೆಲೆ ನಮ್ಮ ಕೈಗೆ ಎಟುಕುವಂತಿತ್ತು. ಸೋಮವಾರ ಔರಾದಕ್ಕೆ ಹೋಗಿ ಎರಡು ಲಕ್ಷ ಮುಂಗಡ ಕೊಡಬೇಕು, ತಪ್ಪಿದರೆ ಇನ್ನೊಬ್ಬ ಗಿರಾಕಿ ತಯಾರಿದ್ದಾನೆ ಎಂದರು. ನಾವು ಠೇವಣಿ ಮುರಿಸಿ ಹಣ ತಂದು ಬೀರುವಿನಲ್ಲಿಟ್ಟೆವು.

ಸುದ್ದಿ ಕೇಳಿ ಚಾಚಾ ಮೆಟ್ಟಿಲ ಕೆಳಗೆ ನನ್ನನ್ನು ನಿಲ್ಲಿಸಿದರು.

"ಬಣ್ಣ ನೋಡಿ ಮರುಳಾಗಬ್ಯಾಡ ಬೇಟಿ. ಎಷ್ಟೋ ಮನಿ ಬಿರುಕಿಗಿ ನಾನೇ ಲಾಂಬಿ ತುಂಬಿ ಬಣ್ಣ ಬಳದು ಬಂದೀನಿ, ಮಾರೋರು ರೊಕ್ಕ ಕೊಟ್ಟಾರ, ಮಾಡೀನಿ. ಅದಕ್ಕ ಹೇಳ್ಲತ್ತೀನಿ. ನಾನೂ ಒಬ್ಬ ಆಳೂ ಬರ್ತೀವಿ. ಒಂದು ದಿನದ ಪಗಾರ ಕೊಡ್ರಿ, ಸಾವಿರದ ಐನೂರು. ಎರಡು ಕಡಿ ಫರಸಿ ಎತ್ತಿ ಬುನಾದಿ ನೋಡಿ ಹೇಳ್ತೀನಿ."

ಆ ತಿಂಗಳು ಕಾಗದಪತ್ರ ನೋಡಿದ ವಕೀಲರಿಗೆ ಫೀಸು ಕೊಟ್ಟು ನೋಟುಬುಕ್ಕಿನ 'ಇತರೆ' ಅನ್ನುವ ಸಾಲು ಖಾಲಿಯಾಗಿತ್ತು. ಹಣವಿಲ್ಲ ಅನ್ನಬಹುದಿತ್ತು. ಆಮೇಲೆ ಕೊಡುತ್ತೇನೆ ಅನ್ನಬಹುದಿತ್ತು, ಅವರು ಬೇಡ ಅನ್ನುತ್ತಿರಲಿಲ್ಲ. ಬೀರುವಿನಲ್ಲಿ ಎರಡು ಲಕ್ಷ ಇಟ್ಟುಕೊಂಡು ಒಂದೂವರೆ ಸಾವಿರಕ್ಕೆ ಹಿಂದೆಮುಂದೆ ನೋಡುತ್ತಾಳೆ ಎಂದು ಅನ್ನಿಸಿಕೊಳ್ಳಲು ಮನಸ್ಸಾಗಲಿಲ್ಲ.

"ಬ್ಯಾಡ್ರಿ ಚಾಚಾ, ಇಂಜಿನಿಯರ್ ನೋಡ್ಯಾರ್ರಿ" ಎಂದುಬಿಟ್ಟೆ.

ಅವರು ತಮ್ಮ ಕಾಲು ನೋಡಿಕೊಂಡರು. "ಸಾಹೇಬ್ರು ಬೂಟ ಬಿಚ್ಚಿದ್ರೇನು?" ಎಂದು ಕೇಳಿದರು. ನಾನು ನಕ್ಕು ಮೆಟ್ಟಿಲು ಹತ್ತಿದೆ.

ಭಾನುವಾರ ಚರ್ಚು ಮುಗಿಸಿ, ಪಕ್ಕದ ಮನೆಯಲ್ಲಿಟ್ಟಿದ್ದ ಬೀಗದ ಕೈ ಇಸಿದುಕೊಂಡು, ಮೂವರೂ ಆ ಮನೆಗೆ ಹೋದೆವು. ಹಿಂದಿನ ಖೋಲಿ ಅತ್ತೆಗೆ ಎಂದು ಗೊತ್ತು ಮಾಡಿದ್ದೆವು, ಅವರ ಮಂಚ ಹಿಡಿಸುತ್ತದೋ ಇಲ್ಲವೋ ಅಳೆಯಬೇಕಿತ್ತು. ಟೇಪಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ನಮ್ಮವರು. ಖೋಲಿಯ ನಟ್ಟನಡುವೆ ನಾನು ಕುಕ್ಕರಗಾಲಲ್ಲಿ ಕೂತು ಅಂಗುಲ ಓದಿ ಹೇಳಿದೆ. ಆ ವಾರವೆಲ್ಲ ಮಳೆ ಹಿಡಿದು ಅಂದು ಬಿಟ್ಟಿತ್ತು. ಅಷ್ಟರಲ್ಲಿ ಔರಾದದಿಂದ ಫೋನ್ ಬಂದು ನಮ್ಮವರು ಟೇಪನ್ನು ಹಾಗೇ ನೆಲದ ಮೇಲೆ ಬಿಟ್ಟು ಅಡುಗೆಮನೆಯತ್ತ ಹೋದರು. ಮಗಳು ಫರಸಿಯ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದುಕೊಂಡು ಕುಂಟಾಟ ಶುರು ಮಾಡಿದಳು.

ಆಗ ಬಾಗಿಲಲ್ಲಿ ಚಾಚಾ. ಆಟೋ ಹಿಡಿದು ಬಂದಿದ್ದರು, ತಮ್ಮ ಕೈಯಿಂದ ಹಣ ಕೊಟ್ಟು.

"ಪಗಾರಕ್ಕ ಬಂದಿಲ್ಲ, ಅಂಜಬ್ಯಾಡ" ಎಂದರು. "ಆಯಿತವಾರ ನನಗೂ ಸೂಟಿ. ಸುಮ್ನ ಮನಿ ನೋಡಿ ಹೋಗ್ತೀನಿ."

ನಾನು ಪಕ್ಕಕ್ಕೆ ಸರಿದು ಅವರ ಹಿಂದೆ ನಡೆದೆ. ಅವರು ಮುಂದಿನ ಖೋಲಿಗಳಲ್ಲಿ ನಿಂತು ನಿಂತು ನಡೆದು, "ಛಲೋ ಅದ, ಇದು ಛಲೋ ಅದ" ಎನ್ನುತ್ತ ಹಿಂದಿನ ಖೋಲಿಯ ಹೊಸ್ತಿಲು ದಾಟಿದರು. ಎರಡು ಹೆಜ್ಜೆ ಇಟ್ಟರು, ನಿಂತರು. ಮಗಳು ಎದುರು ಮೂಲೆಯಲ್ಲಿ ಒಂಟಿಕಾಲಲ್ಲಿ ಜಿಗಿಯುತ್ತಿದ್ದಳು.

ಚಾಚಾ ತಿರುಗದೆಯೇ, ತೀರಾ ಮೆಲ್ಲಗೆ ಹೇಳಿದರು. "ಬೇಟಿ, ಮಗೀಗಿ ಕರಿ. ಓಡಿ ಬಾ ಅನಬ್ಯಾಡ. ಗ್ವಾಡಿ ಹಿಡಕೊಂಡು ಸಾವಕಾಶ ಬಾ ಅನ್ನು. ಕೆಳಗ ಪೊಳ್ಳದ."

ನಾನೂ ಅದೇ ದನಿಯಲ್ಲಿ, "ಬೇಬಿ, ಸಾವಕಾಶ ಬಾರಮ್ಮ, ಗ್ವಾಡಿ ಹಿಡಕೊಂಡು" ಎಂದೆ.

"ಇನ್ನ ಎರಡೇ ಮನಿ ಉಳದಾವ ಮಮ್ಮಿ" ಎಂದು ಅವಳು ಮತ್ತೊಮ್ಮೆ ಜಿಗಿದಳು. ಅವಳ ಕಾಲಡಿ ಕಲ್ಲು ಒಂದು ಕಡೆ ತುಸು ವಾಲಿತು. ಅವಳಿಗೆ ಗೊತ್ತಾಗಲಿಲ್ಲ.

ಚಾಚಾ ಗೋಡೆಗೆ ಬೆನ್ನು ಹಚ್ಚಿ ಅಡ್ಡಡ್ಡ ನಡೆದರು. ಅವಸರ ಮಾಡಲಿಲ್ಲ. ಆ ನಡಿಗೆ ಎಷ್ಟು ಹೊತ್ತು ಹಿಡಿಯಿತೋ, ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಒಮ್ಮೆ ನೆನೆದರೆ ನಾಲ್ಕು ಸೆಕೆಂಡು, ಇನ್ನೊಮ್ಮೆ ನೆನೆದರೆ ಒಂದು ಪೂರ್ತಿ ಮಧ್ಯಾಹ್ನ. ಮೂಲೆಗೆ ಹೋಗಿ ಅವಳ ಎರಡೂ ಕಂಕುಳಿಗೆ ಕೈ ಹಾಕಿ ಎತ್ತಿ, ಗೋಡೆಯ ಉದ್ದಕ್ಕೂ ನನ್ನತ್ತ ನೂಕಿದರು. ನೂಕುವಾಗ ಅವರ ಕಾಲು ಆ ಕಲ್ಲಿನ ಮೇಲೆ ಬಿತ್ತು.

ದೊಡ್ಡ ಸದ್ದೇನೂ ಆಗಲಿಲ್ಲ. ಯಾರೋ ಒಂದು ಗುಟುಕು ನುಂಗಿದಂತಾಯಿತು. ಮೂರು ಫರಸಿ ಒಮ್ಮೆಗೇ ಕೆಳಗೆ ಹೋದವು. ಚಾಚಾ ಎದೆಯವರೆಗೆ ಇಳಿದು, ಪಕ್ಕದ ಕಲ್ಲಿನ ಅಂಚಿಗೆ ಎರಡೂ ಮೊಣಕೈ ಊರಿ ನಿಂತರು. ಟೇಪು ಸರ್ರನೆ ಸುತ್ತಿಕೊಳ್ಳುತ್ತಾ ಆ ಕತ್ತಲೆಗೆ ಜಾರಿತು. ಅದು ತಳ ಮುಟ್ಟಿದ ಸಪ್ಪಳಕ್ಕೆ ನಾನು ಕಾದೆ, ಕೇಳಿಸಲಿಲ್ಲ.

ನಮ್ಮವರು ಓಡಿಬಂದರು. "ಬೇಟಾ, ಮುಂದ ಬರಬ್ಯಾಡ! ಅಲ್ಲೇ ಮಲಗು, ಮಲಗಿ ಕೈ ಕೊಡು" ಎಂದು ಚಾಚಾ ಕೂಗಿದರು. ಇವರು ಹೊಟ್ಟೆಯ ಮೇಲೆ ಮಲಗಿ ಮಣಿಕಟ್ಟು ಹಿಡಿದರು. ಪಕ್ಕದ ಮನೆಯವರು ಏಣಿ ತಂದು ಅಡ್ಡ ಹಾಕಿದರು. ನಾನು ಏನೂ ಮಾಡಲಿಲ್ಲ. ಮಗಳನ್ನು ಅವುಚಿಕೊಂಡು ನಿಂತಿದ್ದೆ, ನನ್ನ ಬೆರಳಿನ ಗುರುತು ಅವಳ ತೋಳಿನ ಮೇಲೆ ಎರಡು ದಿನ ಇತ್ತು. ಚಾಚಾರನ್ನು ಮೇಲೆಳೆದಾಗ, ಬಿದ್ದ ಕಲ್ಲಿನ ಏಟಿಗೆ ಅವರ ಬಲಗಾಲು ಮೊಣಕಾಲಿನ ಕೆಳಗೆ ಬೇರೆ ಯಾರದೋ ಕಾಲಿನಂತೆ ತಿರುಗಿತ್ತು.

ಅದು ಹಳೆಯ ಬಾವಿ. ನಲ್ಲಿ ಬಂದ ಮೇಲೆ ಓಣಿಯವರೆಲ್ಲ ಕಸ ಸುರಿದು ತುಂಬಿದ್ದರಂತೆ, ಪಕ್ಕದ ಮನೆಯ ಮುದುಕಿ ಆಮೇಲೆ ಹೇಳಿದಳು. ತುಂಬಿದ್ದೆಲ್ಲ ಕೊಳೆತು ಕುಸಿದು, ಬಚ್ಚಲ ನೀರು ಮಣ್ಣು ಕೊಚ್ಚಿ, ಫರಸಿ ಗಾಳಿಯ ಮೇಲೆ ಕೂತಿತ್ತು. ಔರಾದದ ಮಾಲೀಕರಿಗೂ ಗೊತ್ತಿರಲಿಲ್ಲವೆಂದೇ ನಂಬುತ್ತೇನೆ. ಫೋನಿನಲ್ಲಿ ಅವರ ದನಿಯೂ ನಡುಗುತ್ತಿತ್ತು.

ಸೋಮವಾರ ಬೀರುವಿನ ಹಣ ಔರಾದಕ್ಕೆ ಹೋಗಲಿಲ್ಲ, ದವಾಖಾನೆಗೆ ಹೋಯಿತು. ಕಾಲಿಗೆ ಸರಳು ಹಾಕಿದರು. ನಾನೂ ನಮ್ಮವರೂ ಆ ಖರ್ಚಿನ ಬಗ್ಗೆ ಒಂದು ಮಾತೂ ಆಡಲಿಲ್ಲ, ನೋಟುಬುಕ್ ತೆಗೆಯಲಿಲ್ಲ. ಚಾಚಾ ಮಾತ್ರ ಬಂದವರಿಗೆಲ್ಲ ಕಟ್ಟು ತೋರಿಸಿ, "ಇದ್ರಾಗ ಟೀಚರಮ್ಮನ ಅಡಗಿಮನಿ ಅದ. ಇಲ್ಲಿ ಒಲಿ, ಇಲ್ಲಿ ಸಿಂಕು" ಎಂದು ನಗಿಸುತ್ತಿದ್ದರು.

ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ನಾನು ಹೇಳಿಬಿಟ್ಟೆ. "ಚಾಚಾ, ಇಂಜಿನಿಯರ್ ಯಾರೂ ನೋಡಿರಲಿಲ್ರಿ."

"ಗೊತ್ತಿತ್ತು ಬೇಟಿ."

"ಹ್ಯಾಂಗ್ರಿ?"

"ಖರೇನೇ ಬಂದಿದ್ರ ಅವನ ಫೀಸು ಎಷ್ಟಾಯ್ತಂತ ಮೂರು ಸಲ ಹೇಳಿ ಅಳತಿದ್ದಿ."

ನಾನು ನಗಲಿಲ್ಲ. ಅವರು ನನ್ನ ಕೈ ಮೇಲೆ ಕೈ ಇಟ್ಟರು. ಅಂಗೈ ಉಸುಕಿನ ಕಾಗದದಂತಿತ್ತು.

ಕಾಲು ಕೂಡಿಕೊಂಡಿತು, ಆದರೆ ಗಿಡ್ಡವಾಯಿತು. ಗೌಂಡಿ ಕೆಲಸ ನಿಂತುಹೋಯಿತು. ಅವರ ಮಗಳು ಬಂದು ಚಿಂತಾಕಿಗೆ ಕರೆದುಕೊಂಡು ಹೋದಳು. ಮರುವರ್ಷ ನಮಗೆ ಬೀದರದಲ್ಲೇ ಒಂದು ಮನೆ ಸಿಕ್ಕಿತು, ಮೊದಲಿನದಕ್ಕಿಂತ ಒಂದು ಖೋಲಿ ಕಮ್ಮಿ. ಈ ಸಲ ನಿಜವಾದ ಇಂಜಿನಿಯರ್ ನೋಡಿದರು. ಎರಡು ಕಡೆ ಅಗೆಸಿ ಬುನಾದಿ ತೋರಿಸಿದರು. ಆದರೂ ಒಪ್ಪಂದದ ಕಾಗದದ ಮುಂದೆ ಕೂತರೆ ನನ್ನ ಕೈ ಏಳಲಿಲ್ಲ. ನಮ್ಮವರು ಚಿಂತಾಕಿಗೆ ಹೋಗಿ ಚಾಚಾರನ್ನು ಕರೆತಂದರು.

ಅವರು ಕೋಲೂರಿಕೊಂಡು ಒಂದೊಂದೇ ಖೋಲಿ ತಿರುಗಿದರು. ಕೊನೆಯ ಖೋಲಿಯಲ್ಲಿ ಗೋಡೆಗೊರಗಿ ನೆಲದ ಮೇಲೆ ಕೂತರು, ಕಣ್ಣು ಮುಚ್ಚಿದರು. ನಾವು ಬಾಗಿಲ ಹೊರಗೆ ಕಾದೆವು. ಐದು ನಿಮಿಷವಾಯಿತು, ಹತ್ತಾಯಿತು. ಒಳಗೆ ಏನು ಪತ್ತೆಯಾಯಿತೋ ಎಂದು ನಾನು ನಮ್ಮವರನ್ನು ಮುಂದೆ ನೂಕಿದೆ. ನಮ್ಮವರು ಮೆಲ್ಲಗೆ ಇಣುಕಿ ನೋಡಿ, "ಗೊರಕಿ ಹೊಡಿಲತ್ತಾರ" ಎಂದರು. ಎದ್ದ ಮೇಲೆ ಚಾಚಾ ಮೀಸೆ ಒರೆಸಿಕೊಂಡು ಹೇಳಿದ್ದು ಇಷ್ಟೇ: "ನಿದ್ದಿ ಬಂತು. ತಗೋರಿ."

ಆ ಮನೆಗೆ ನಾವು ಬಂದ ದಿನ ಪಾಸ್ಟರ್ ಪ್ರಾರ್ಥನೆ ಮಾಡಿದಾಗ ಚಾಚಾ ಇರಲಿಲ್ಲ. ಮೂರು ವಾರ ಮೊದಲೇ ಜ್ವರ ಬಂದು, ಎರಡೇ ದಿನದಲ್ಲಿ ತೀರಿಕೊಂಡಿದ್ದರು.

ಸುದ್ದಿ ತಿಳಿದು ಚಿಂತಾಕಿಗೆ ಹೋದಾಗ ಮಗಳನ್ನೂ ಕರೆದುಕೊಂಡು ಹೋಗಿದ್ದೆವು. ದಫನ್ ಆಗಿಹೋಗಿತ್ತು. ಚಾಚಾರ ಮಗಳು ನನ್ನನ್ನು ಒಳಗೆ ಕೂರಿಸಿ ಕೈ ಹಿಡಿದುಕೊಂಡಳು.

"ನಿಮ್ಮ ಉಪಕಾರ ಮರಿಯಂಗಿಲ್ರಿ ಟೀಚರ್" ಎಂದಳು. "ನಮ್ಮ ಅಬ್ಬಾ ನಿಮ್ಮ ಮನಿ ಕೆಲಸದಾಗ ಪರಂಚಿ ಮ್ಯಾಲಿಂದ ಬಿದ್ದಾಗ ದವಾಖಾನಿ ಖರ್ಚೆಲ್ಲ ನೀವೇ ಹಾಕಿದ್ರಿ. ಇವತ್ತಿನ ದಿನಮಾನದಾಗ ಯಾರು ಕೊಡ್ತಾರ್ರಿ? ಅಲ್ಲಾ ನಿಮಗ ಛಲೋ ಇಡ್ಲಿ. ಈ ವಯಸ್ಸಿನಾಗ ಪರಂಚಿ ಯಾಕ ಏರಿದ್ರಿ ಅಂತ ನಾ ಅವರಿಗೆ ಭಾಳ ಬೈದೀನ್ರಿ. ಕಡೀತನಕಾ ಬೈದೀನಿ. ಸುಮ್ನ ನಗ್ತಿದ್ರು."

ಪರಂಚಿ! ನಮ್ಮ ಹೆಸರು ಕೆಡದಿರಲೆಂದು ಅವರು ಮಗಳ ಬೈಗುಳವನ್ನು ಒಂದೂವರೆ ವರ್ಷ ತಿಂದಿದ್ದರು. ಸುಮ್ಮನಿದ್ದುಬಿಟ್ಟರೆ ಅವಳ ಆಶೀರ್ವಾದ ನಮ್ಮದಾಗಿಯೇ ಉಳಿಯುತ್ತಿತ್ತು. ನಮ್ಮವರು ಬಾಗಿಲ ಹತ್ತಿರ ತಲೆ ಬಗ್ಗಿಸಿ ನಿಂತಿದ್ದರು. ನಾನು ಹೇಳಿದೆ. ಸಾವಿರದ ಐನೂರು ಕೇಳಿದ್ದು, ಮೆಟ್ಟಿಲ ಕೆಳಗೆ ನಾನಾಡಿದ ಸುಳ್ಳು, ಆಟೋ, ಬಾವಿ, ಅವರು ನೂಕಿದ್ದು, ಎಲ್ಲ. 

ಅವಳು ನನ್ನ ಕೈ ಬಿಟ್ಟಳು. ತಲೆ ತಗ್ಗಿಸಿ ಚಾಪೆಯ ಸುಕ್ಕು ಸರಿಮಾಡಿದಳು. ನಾನು ಬೈಗುಳಕ್ಕೆ ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

ಆಮೇಲೆ ತಲೆಯೆತ್ತಿ, ನನ್ನ ಪಕ್ಕದಲ್ಲಿ ಫ್ರಾಕಿನ ಅಂಚು ತಿರುವುತ್ತ ನಿಂತಿದ್ದ ಹುಡುಗಿಯನ್ನು ನೋಡಿದಳು. ಕೈ ಚಾಚಿ ಹತ್ತಿರ ಎಳೆದುಕೊಂಡು, ಹಣೆಯ ಮೇಲಿನ ಕೂದಲು ಹಿಂದೆ ಸರಿಸಿದಳು.

"ಯಾವ ಕ್ಲಾಸವ್ವ ನೀ?"

"ಎರಡನೇತ್ತ" ಎಂದಳು ನನ್ನ ಮಗಳು.