ಬಾಗಿಲ ಬಿಡ್ರಿ ಬೇಗಾ

ಮೊನ್ನೆ ಮಗಳು ಒಂದು ಕಾದಂಬರಿ ಓದುತ್ತಿದ್ದಳು. ಈ ಲೋಕದಲ್ಲಿ ಅಗಲಿದ ಹುಡುಗ ಹುಡುಗಿ ಇನ್ನೊಂದು ಲೋಕದಲ್ಲಿ ಗಂಡ ಹೆಂಡತಿಯಾಗಿರುವ ಕತೆಯಂತೆ. "ಅಪ್ಪಾ, ಹಿಂಗೂ ಇರತೈತೇನು?" ಎಂದಳು. ಸಾಲೆಯಲ್ಲಿ ವಿಜ್ಞಾನ ಕಲಿಸುತ್ತ ಬಂದ ನಾನು ತಕ್ಷಣ ಇಲ್ಲ ಎನ್ನಬೇಕಿತ್ತು. ದೆವ್ವ, ಶಕುನ ಎಂದವರನ್ನೆಲ್ಲ ಗೇಲಿ ಮಾಡುತ್ತಿದ್ದವನು ನಾನು. ಆದರೆ ಎಪ್ಪತ್ತರ ದಶಕದ ಕೊನೆಯ ಒಂದು ಇಳಿಹೊತ್ತು ನನ್ನ ಬಾಯಿ ಕಟ್ಟಿಹಾಕಿದೆ.

ಗಿರಿಜಾ ನಮ್ಮೂರು ಇರಕಲ್ಲಗಡದವಳೇ. ಇಬ್ಬರೂ ಬಸ್ಸಿನಲ್ಲಿ ಕೊಪ್ಪಳದ ಕಾಲೇಜಿಗೆ ಹೋಗುತ್ತಿದ್ದೆವು. ಸಂಜೆ ಬಸ್ಸು ಪೂರಾ ನಿಲ್ಲುವ ಮೊದಲೇ ನಾನು ಕಿಟಕಿಯಿಂದ ಕರ್ಚೀಫು ಹಾಕಿ ಅವಳಿಗೆ ಸೀಟು ಹಿಡಿಯುತ್ತಿದ್ದೆ. ಊರು ಬಂದಾಗ ಅವಳು ಅದನ್ನು ಮಡಚಿ ಕೊಡುತ್ತಿದ್ದಳು. ನಮ್ಮ ಪ್ರೀತಿ ಎಂದರೆ ಅಷ್ಟೇ. ಒಮ್ಮೆಯೂ ನನ್ನ ಹೆಸರು ಹಿಡಿದು ಕರೆದವಳಲ್ಲ. ಕೇಳಿದರೆ, "ಹೊಸ್ತಿಲದಾಗ ಒಡಪು ಹಾಕಿ ಹೇಳತೀನಿ ತಗೋರಿ" ಎಂದು ನಗುತ್ತಿದ್ದಳು. ನಮ್ಮ ಕಡೆ ಹೊಸ ಸೊಸೆಯನ್ನು ಹೊಸ್ತಿಲಲ್ಲಿ ತಡೆದು, ಪ್ರಾಸ ಕಟ್ಟಿ ಗಂಡನ ಹೆಸರು ಹೇಳಿಸಿಯೇ ಒಳಗೆ ಬಿಡುವುದು. ಆ ಒಂದು ಒಡಪಿಗಾಗಿ ನಾನು ಜೀವ ಹಿಡಿದುಕೊಂಡು ಕಾಯುತ್ತಿದ್ದೆ.

ನನಗೆ ನೌಕರಿ ಸಿಗುವ ಮೊದಲೇ ಅವಳ ಅಪ್ಪ ಅವಳನ್ನು ಗಂಗಾವತಿಯ ಅಕ್ಕಿ ಗಿರಣಿಯವರ ಮನೆಗೆ ಕೊಟ್ಟರು. ಮದುವೆಯ ದಿನ ಓಣಿಯೆಲ್ಲ ಲಾರಿ ಹತ್ತಿ ಅಲ್ಲಿಗೆ ಹೋಯಿತು. ಅವಳ ಗೆಳತಿಯಾದ ನನ್ನ ತಂಗಿಯೂ ಅವ್ವನೊಡನೆ ಹೋದಳು. ನಾನು ಒಳಗಿನಿಂದ ಅಗಳಿ ಹಾಕಿಕೊಂಡು ಬಿದ್ದುಕೊಂಡಿದ್ದೆ. ನಿದ್ದೆ ಬಂದಿರಲಿಲ್ಲ, ಇದನ್ನು ಆಣೆ ಮಾಡಿ ಹೇಳುತ್ತೇನೆ.

ಹೊತ್ತು ಇಳಿಯುವಾಗ ನಮ್ಮ ಬಾಗಿಲ ಹೊರಗೆ ಹೆಂಗಸರ ನಗು, ಬಳೆಗಳ ಸದ್ದು ಕೇಳಿತು. "ಹೆಸರ ಹೇಳ್ರಿ ವೈನಿ, ಆಮ್ಯಾಲೆ ಬಿಡತೀವಿ" ಎಂದು ಅತ್ತಿಗೆಯನ್ನು ಕಾಡುವಂತೆ ಅಂದದ್ದು ನನ್ನ ತಂಗಿಯ ದನಿ. ಉತ್ತರ ಕೊಟ್ಟವಳು ಗಿರಿಜಾ.

"ಕೊಪ್ಪಳದ ಬಸ್ಸಿನ್ಯಾಗ ಕರ್ಚೀಫ ಹಾಕಿ ಹಿಡದಾರ ಜಾಗಾ..." ಎಂದಳು. ಚೂರು ತಡೆದು ನನ್ನ ಹೆಸರು ಹೇಳಿದಳು. "ಅವರ ಮನಿ ತುಂಬಾಕ ಬಂದೀನ್ರಿ, ಬಾಗಿಲ ಬಿಡ್ರಿ ಬೇಗಾ."

ಓಡಿ ಹೋಗಿ ಅಗಳಿ ತೆಗೆದೆ. ಖಾಲಿ ಓಣಿ, ಬಿಸಿಲು, ಕಟ್ಟೆಯ ನೆರಳಿಗೆ ಮಲಗಿದ್ದ ಒಂದು ನಾಯಿ.

ಮರುದಿನ ತಂಗಿ ಬಂದಳು. ನಾನು ಏನೂ ಕೇಳಲಿಲ್ಲ, ಹೇಳಲೂ ಇಲ್ಲ. ಅವಳೇ ಚೀಲ ಇಳಿಸುತ್ತ ಮಾತು ತೆಗೆದಳು. "ನಿನ್ನೆ ಹೊತ್ತ ಇಳಿಯೂ ಮುಂದ ಮನಿ ತುಂಬಿಸ್ಕೊಂಡ್ರಣ್ಣಾ. ಎಷ್ಟು ಕಾಡಿದ್ರೂ ಗಿರಿಜಾ ಒಡಪು ಹಾಕಲಿಲ್ಲ. ಈಗಷ್ಟ ಹೇಳೀನಲ್ರಿ, ಅಂದ್ಲು. ಅಲ್ಲಿ ಯಾರ ಕಿವಿಗೂ ಬಿದ್ದಿದ್ದಿಲ್ಲ. ನಾಚಿಕಿ ಅಂತ ನಕ್ಕು ಒಳಗ ಬಿಟ್ರು."

ದುಃಖದಲ್ಲಿ ಕಿವಿ ಮೋಸ ಮಾಡಿತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಾಗಾದರೆ ಆಗಲೇ ಹೇಳಿದ್ದೇನೆ ಎಂದು ಗಿರಿಜಾ ಏಕೆ ಅಂದಳು? ಕೇಳಲು ಅವಳು ಮತ್ತೆ ಸಿಗಲಿಲ್ಲ. ನನಗೂ ಮದುವೆಯಾಯಿತು, ಬಾಳು ಛಲೋ ನಡೆದಿದೆ. ಮಗಳಿಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ. ಎಲ್ಲೋ ಒಂದು ಲೋಕದಲ್ಲಿ ನಮ್ಮವರು ಅವಳಿಗೆ ಬಾಗಿಲು ಬಿಟ್ಟಿರಲಿ ಎಂಬ ಆಸೆ ಹೋಗಿಲ್ಲ.